ಕ್ಷಯರೋಗಾಣುವೂ ನಮ್ಮ ಜೀನ್‌ಗಳೂ

ಹಾವೇರಿಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಕರ್ಜಗಿ ಎಂಬ ಊರಿದೆ. ಮುಂಬಯಿ ಪ್ರಾಂತದ ಆಳ್ವಿಕೆಯ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೆ ಈ ಊರಿನ ಹೆಸರೇ ಇದ್ದಿತು. ಈಗ ಅದು ಹಾವೇರಿ ತಾಲ್ಲೂಕಿನ ಒಂದು ಗ್ರಾಮ. ಅಲ್ಲಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ನಮ್ಮ ಬಳಿಗೆ ಬಂದು ನಿಂತನು. ಅಂದು ತರಗತಿಯಲ್ಲಿ ನಾವು ಸ್ನಿಗ್ಧತೆಯನ್ನೂ, ಗಾಳಿಯಲ್ಲಿಯೋ ದ್ರವದಲ್ಲಿಯೋ ಬೀಳುವ ಸಣ್ಣ ಗೋಲಗಳ ವೇಗವನ್ನು ತಿಳಿಸುವ ಸ್ಟೋಕ್ಸನ ನಿಯಮವನ್ನೂ ವಿವರಿಸಿದ್ದೆವು. ಅದರ ಕುರಿತೇ ಏನೋ ಸಂದೇಹವಿರಬೇಕೆಂದು ಭಾವಿಸಿದೆವು. ಆದರೆ ಅವನು ಕೇಳಿದುದೇ ಬೇರೆ: “ಸರ್, ಅಪ್ಪಗ ಬಂದ ಕ್ಷಯಾ ಮಗಳ ರಕ್ತದಾಗ ಇರ್ತೈತೇನ್ರಿ?”

ವಿಚಾರಿಸಿದಾಗ ಸಂಗತಿ ತಿಳಿಯಿತು. ಅವನ ತಂದೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವರು. ಹತ್ತು ವರ್ಷಗಳ ಹಿಂದೆ ಅವರಿಗೆ ಕೆಮ್ಮು ಹತ್ತಿಕೊಂಡಿತು. ಮೆಣಸಿನಕಾಯಿಯ ಘಾಟಿಗೆ ಬಂದ ಕೆಮ್ಮೆಂದು ತಿಳಿದು ಮೂರು ತಿಂಗಳು ಸುಮ್ಮನೆ ಕಳೆದರು. ಕೊನೆಗೆ ಕಫದ ಪರೀಕ್ಷೆಯಲ್ಲಿ ಕ್ಷಯವೆಂದು ತಿಳಿಯಿತು. ಆರು ತಿಂಗಳು ಔಷಧ ತೆಗೆದುಕೊಂಡು ಪೂರ್ತಿ ಗುಣವಾದರು. ಈಗ ಅವನ ಅಕ್ಕನಿಗೆ ಗೊತ್ತಾಗಿದ್ದ ಸಂಬಂಧ ಮುರಿದುಹೋಗಿತ್ತು. ‘ಆ ಮನೆತನದಲ್ಲಿ ಕ್ಷಯವಿದೆ’ ಎಂದು ಗಂಡಿನ ಕಡೆಯವರಿಗೆ ಯಾರೋ ಹೇಳಿದ್ದರು.

‘ಇಲ್ಲ, ಕ್ಷಯವು ವಂಶದ ರೋಗವಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ಉತ್ತರವಿತ್ತೆವು. ಆದರೆ ಹುಡುಗನಿಗೆ ಸಮಾಧಾನವಾಗಲಿಲ್ಲ. ಕ್ಷಯದ ರೋಗಾಣುವು ಮನುಷ್ಯನ ಜೀನ್‌ಗಳ ಕೆಲಸವನ್ನೇ ಬದಲಿಸುತ್ತದೆಂದು ಅವನು ಎಲ್ಲಿಯೋ ಓದಿದ್ದನು. ಜೀನ್‌ಗಳೆಂದರೆ ತಂದೆತಾಯಿಗಳಿಂದ ಮಕ್ಕಳಿಗೆ ಬರತಕ್ಕವು. ಅವು ಬದಲಾದರೆ ಆ ಬದಲಾವಣೆಯೂ ಮಕ್ಕಳಿಗೆ ಬರಬೇಕಲ್ಲವೆ?

ಪ್ರಶ್ನೆಯು ನ್ಯಾಯವಾದುದೇ. ಅವನು ಓದಿದ್ದು ಸುಳ್ಳಲ್ಲ. ಅವನು ಮಾಡಿದ ಊಹೆ ಮಾತ್ರ ಸರಿಯಲ್ಲ. ಇವೆರಡರ ನಡುವಿನ ಅಂತರವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗಾಳಿಯಲ್ಲಿ ತೇಲಿ ಬರುವ ಶತ್ರು

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಕಂಡುಹಿಡಿದ ಸಂಗತಿಯನ್ನು ಜರ್ಮನಿಯ ರಾಬರ್ಟ್ ಕಾಕನು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಅದು ಸಣ್ಣ ಕಡ್ಡಿಯ ಆಕಾರದ ಜೀವಿ. ಅದರ ಉದ್ದ ಎರಡರಿಂದ ನಾಲ್ಕು ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರದ ಎರಡರಿಂದ ನಾಲ್ಕು ಭಾಗಗಳಷ್ಟು. ನಮ್ಮ ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ಅನುಕೂಲ ಪರಿಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆದು ಎರಡಾಗುತ್ತವೆ. ಕ್ಷಯದ ಬ್ಯಾಕ್ಟೀರಿಯಕ್ಕಾದರೋ ಅದಕ್ಕೆ ಸುಮಾರು ಇಪ್ಪತ್ತು ಗಂಟೆಗಳು ಬೇಕು. ಅದಕ್ಕೆ ಅವಸರವೆಂಬುದೇ ಇಲ್ಲ. ಆದುದರಿಂದಲೇ ರೋಗವೂ ನಿಧಾನ, ಚಿಕಿತ್ಸೆಯೂ ದೀರ್ಘ.

ರೋಗಿಯು ಕೆಮ್ಮಿದಾಗ ಅಸಂಖ್ಯಾತ ಹನಿಗಳು ಹೊರಬೀಳುತ್ತವೆ. ಇಲ್ಲಿ ನಮ್ಮ ಸ್ಟೋಕ್ಸನ ನಿಯಮವು ಉಪಯೋಗಕ್ಕೆ ಬರುತ್ತದೆ. ಬೀಳುವ ವೇಗವು ಹನಿಯ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸವು ಹತ್ತನೆಯ ಒಂದರಷ್ಟಾದರೆ ವೇಗವು ನೂರನೆಯ ಒಂದರಷ್ಟಾಗುತ್ತದೆ. ನೂರು ಮೈಕ್ರಾನ್ ವ್ಯಾಸದ ಹನಿಯು ಬಾಯಿಯ ಎತ್ತರದಿಂದ ನೆಲಕ್ಕೆ ಬೀಳಲು ಐದಾರು ಸೆಕೆಂಡುಗಳು ಸಾಕು. ಆದರೆ ಒಣಗಿ ಮೂರು ಮೈಕ್ರಾನಿಗೆ ಇಳಿದ ಹನಿಯ ವೇಗ ಸೆಕೆಂಡಿಗೆ ಸುಮಾರು ಕಾಲು ಮಿಲಿಮೀಟರ್ ಮಾತ್ರ. ನಿಶ್ಚಲವಾದ ಗಾಳಿಯಲ್ಲಿ ಒಂದೂವರೆ ಮೀಟರ್ ಇಳಿಯಲು ಅದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಕಿಟಕಿಯಿಲ್ಲದ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗಿದಾಗ ಇಂತಹ ಹನಿಗಳು ಅವರ ನಡುವೆ ಗಂಟೆಗಟ್ಟಲೆ ತೇಲುತ್ತಿರುತ್ತವೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಅವಶ್ಯಕತೆ ಬೀಳುವುದು.

ಉಸಿರಿನೊಡನೆ ಒಳಹೊಕ್ಕ ಸಣ್ಣ ಹನಿಯು ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಮುಟ್ಟುತ್ತದೆ. ಈ ಗೂಡುಗಳು ನಮ್ಮಲ್ಲಿ ಹಲವು ಕೋಟಿ ಇವೆ. ಅಲ್ಲಿ ಕಾವಲುಗಾರರಂತೆ ಸುತ್ತುವ ಒಂದು ಬಗೆಯ ಜೀವಕೋಶಗಳುಂಟು. ಹೊರಗಿನಿಂದ ಬಂದ ಧೂಳನ್ನೂ ರೋಗಾಣುಗಳನ್ನೂ ಅವು ನುಂಗಿ ಅರಗಿಸಿಬಿಡುತ್ತವೆ. ಇವುಗಳಿಗೆ ಮಹಾಭಕ್ಷಕ ಕೋಶಗಳೆಂದು ಹೆಸರು. ಕ್ಷಯದ ಬ್ಯಾಕ್ಟೀರಿಯವನ್ನೂ ಇವು ನುಂಗುತ್ತವೆ. ಆದರೆ ನುಂಗಿದುದನ್ನು ಅರಗಿಸುವುದು ಎಷ್ಟೋ ಸಲ ಇವುಗಳಿಂದಾಗುವುದಿಲ್ಲ. ಶತ್ರುವು ಕಾವಲುಗಾರನ ಹೊಟ್ಟೆಯಲ್ಲಿಯೇ ಬಿಡಾರ ಹೂಡುತ್ತಾನೆ! ಅದು ಹೇಗೆ ಸಾಧ್ಯವಾಗುತ್ತದೆಂಬುದನ್ನು ತಿಳಿಯಬೇಕಾದರೆ ಜೀವಕೋಶದ ಆಡಳಿತವನ್ನು ಸ್ವಲ್ಪ ನೋಡಬೇಕು.

ಚಾವಡಿ, ದಫ್ತರ ಮತ್ತು ಉತಾರ

ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಪ್ರತಿಯೊಂದು ಊರಿನಲ್ಲಿಯೂ ಒಂದು ಚಾವಡಿಯಿರುತ್ತಿತ್ತು. ಊರಿನ ಹೊಲಮನೆಗಳ ಲೆಕ್ಕವೆಲ್ಲ ಕುಲಕರ್ಣಿಯ ದಫ್ತರದಲ್ಲಿರುತ್ತಿತ್ತು. ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟುಕಟ್ಟಿ ಇಡುತ್ತಿದ್ದರು. ರೈತನಿಗೆ ತನ್ನ ಹೊಲದ ವಿವರ ಬೇಕಾದರೆ ದಫ್ತರವನ್ನು ಮನೆಗೆ ಕೊಂಡೊಯ್ಯುವಂತಿರಲಿಲ್ಲ. ಕುಲಕರ್ಣಿಯು ಗಂಟು ಬಿಚ್ಚಿ, ಬೇಕಾದ ಪುಟವನ್ನು ಹುಡುಕಿ, ಅದರ ನಕಲನ್ನು ಬರೆದುಕೊಡುತ್ತಿದ್ದನು. ಅದಕ್ಕೇ ಉತಾರವೆಂದು ಹೆಸರು. ಇಂದಿಗೂ ನಮ್ಮ ರೈತರು ಪಹಣಿಯ ನಕಲನ್ನು ಉತಾರವೆಂದೇ ಕರೆಯುತ್ತಾರೆ.

ಜೀವಕೋಶದ ಆಡಳಿತವೂ ಬಹುಮಟ್ಟಿಗೆ ಹೀಗೆಯೇ. ಕೋಶದ ನಡುವಿರುವ ಕೋಶಕೇಂದ್ರವು ಅದರ ಚಾವಡಿ. ಅಲ್ಲಿರುವ ಡಿ.ಎನ್.ಎ. ಎಂಬ ಉದ್ದನೆಯ ಎಳೆಯೇ ದಫ್ತರ. ಅದರಲ್ಲಿ ನಾಲ್ಕು ರಾಸಾಯನಿಕ ಅಕ್ಷರಗಳಿಂದ ಬರೆದ ಬರಹವಿದೆ. ಈ ಬರಹದಲ್ಲಿ ಒಂದೊಂದು ಪ್ರೋಟೀನನ್ನು ತಯಾರಿಸುವ ಕ್ರಮವನ್ನು ತಿಳಿಸುವ ಭಾಗಕ್ಕೆ ಜೀನ್ ಎಂದು ಹೆಸರು. ಮನುಷ್ಯನಲ್ಲಿ ಇಂತಹ ಜೀನ್‌ಗಳು ಸುಮಾರು 20,000 ಇವೆ. ಪ್ರೋಟೀನುಗಳು ತಯಾರಾಗುವುದು ಚಾವಡಿಯ ಹೊರಗೆ. ಮೂಲ ದಫ್ತರವು ಹೊರಗೆ ಹೋಗುವುದಿಲ್ಲ. ಬೇಕಾದ ಜೀನಿನ ನಕಲು ಮಾತ್ರ ಹೋಗುತ್ತದೆ. ಈ ನಕಲಿಗೆ ದೂತ ಆರ್.ಎನ್.ಎ. ಎಂದು ಹೆಸರು. ನಾವು ಅದನ್ನು ಉತಾರವೆಂದೇ ಕರೆಯೋಣ. ಇದರ ಆಯುಷ್ಯ ಬಹಳವಿಲ್ಲ. ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಇದ್ದು ನಾಶವಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಮ್ಮ ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವ ದಫ್ತರ ಒಂದೇ. ಆದರೆ ಎರಡರ ಕೆಲಸ ಬೇರೆ ಬೇರೆ. ಇದಕ್ಕೆ ಕಾರಣವೇನೆಂದರೆ ಒಂದೊಂದು ಬಗೆಯ ಕೋಶದಲ್ಲಿಯೂ ತೆರೆದಿರುವ ಪುಟಗಳು ಬೇರೆ, ಗಂಟುಕಟ್ಟಿರುವ ಪುಟಗಳು ಬೇರೆ. ಯಾವ ಜೀನಿನ ಉತಾರವನ್ನು ಯಾವಾಗ ಎಷ್ಟು ತೆಗೆಯಬೇಕೆಂಬ ಈ ವ್ಯವಸ್ಥೆಗೆ ಜೀನ್ ನಿಯಂತ್ರಣವೆಂದು ಹೆಸರು. ಬರಹ ಬೇರೆ, ಬರಹದ ಬಳಕೆ ಬೇರೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಿರುವುದು ಈ ಭೇದದಲ್ಲಿಯೇ.

ಗಂಟು ಸಡಿಲುವ ಬಗೆ

ಒಂದು ಜೀವಕೋಶದಲ್ಲಿರುವ ಡಿ.ಎನ್.ಎ. ಎಳೆಗಳನ್ನೆಲ್ಲ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿಟ್ಟಿರುವ ಕೋಶಕೇಂದ್ರವಾದರೋ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದು. ಇಷ್ಟುದ್ದದ ಎಳೆಯು ಅಷ್ಟು ಸಣ್ಣ ಸ್ಥಳದಲ್ಲಿ ಸಿಕ್ಕುಗಟ್ಟದೆ ಇರಬೇಕಾದರೆ ಅದನ್ನು ಉಂಡೆಗಳಿಗೆ ಸುತ್ತಿಡಬೇಕು. ಹಿಸ್ಟೋನ್‌ಗಳೆಂಬ ಪ್ರೋಟೀನುಗಳೇ ಈ ಉಂಡೆಗಳು. ಎಂಟು ಹಿಸ್ಟೋನ್‌ಗಳು ಸೇರಿದ ಒಂದು ಉಂಡೆಯ ಸುತ್ತ 147 ಅಕ್ಷರಜೋಡಿಗಳಷ್ಟು ಎಳೆಯು ಎರಡು ಸುತ್ತಿಗೆ ಸ್ವಲ್ಪ ಕಡಿಮೆಯಾಗಿ ಸುತ್ತಿಕೊಂಡಿರುತ್ತದೆ.

ಈ ಸುತ್ತನ್ನು ಬಿಗಿಯಾಗಿ ಹಿಡಿದಿರುವ ಶಕ್ತಿ ಯಾವುದು? ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದೇ. ಡಿ.ಎನ್.ಎ.ಯಲ್ಲಿರುವ ಫಾಸ್ಫೇಟುಗಳಲ್ಲಿ ಋಣವಿದ್ಯುದಂಶವಿದೆ. ಹಿಸ್ಟೋನ್‌ಗಳಲ್ಲಿರುವ ಲೈಸೀನ್, ಆರ್ಜಿನೀನ್ ಎಂಬ ಭಾಗಗಳಲ್ಲಿ ಧನವಿದ್ಯುದಂಶವಿದೆ. ವಿರುದ್ಧ ವಿದ್ಯುದಂಶಗಳು ಒಂದನ್ನೊಂದು ಸೆಳೆಯುತ್ತವೆಯಲ್ಲವೆ? ಈಗ ಲೈಸೀನಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪೊಂದನ್ನು ಅಂಟಿಸಿದರೆ ಅದರ ಧನವಿದ್ಯುದಂಶವು ಇಲ್ಲವಾಗುತ್ತದೆ. ಸೆಳೆತವು ಕಡಿಮೆಯಾಗಿ ಗಂಟು ಸಡಿಲುತ್ತದೆ. ಅಲ್ಲಿನ ಜೀನ್ ಓದಲು ದೊರೆಯುತ್ತದೆ. ಅಸಿಟೈಲನ್ನು ಕಿತ್ತುಹಾಕಿದರೆ ಗಂಟು ಮತ್ತೆ ಬಿಗಿಯುತ್ತದೆ. ಅಂಟಿಸಲು ಕೆಲವು ಕಿಣ್ವಗಳೂ, ಕೀಳಲು ಇನ್ನು ಕೆಲವು ಕಿಣ್ವಗಳೂ ಕೋಶದಲ್ಲಿವೆ. ಮಿಥೈಲ್ ಎಂಬ ಇನ್ನೊಂದು ಗುಂಪೂ ಹೀಗೆಯೇ ಅಂಟಿಕೊಳ್ಳುವುದುಂಟು. ಅದು ವಿದ್ಯುದಂಶವನ್ನು ಅಳಿಸುವುದಿಲ್ಲ. ಪುಟದ ಅಂಚಿನಲ್ಲಿ ಹಾಕಿದ ಗುರುತಿನಂತೆ ಕೆಲಸ ಮಾಡುತ್ತದೆ. ಅದು ಎಲ್ಲಿ ಅಂಟಿತೆಂಬುದರ ಮೇಲೆ ‘ಇದನ್ನು ಓದು’ ಎಂದೋ ‘ಇದನ್ನು ಮುಚ್ಚಿಡು’ ಎಂದೋ ಅರ್ಥವಾಗುತ್ತದೆ. ಇವುಗಳಲ್ಲಿ ಯಾವುದರಿಂದಲೂ ದಫ್ತರದ ಒಂದಕ್ಷರವೂ ತಿದ್ದಲ್ಪಡುವುದಿಲ್ಲವೆಂಬುದು ಮುಖ್ಯ.

ಎಚ್ಚರಿಕೆಯ ಕೂಗು

ಮಹಾಭಕ್ಷಕ ಕೋಶದ ಹೊರಮೈಯಲ್ಲಿ ರೋಗಾಣುಗಳನ್ನು ಗುರುತಿಸುವ ಗ್ರಾಹಕಗಳಿವೆ. ಬ್ಯಾಕ್ಟೀರಿಯದ ಹೊದಿಕೆಯ ಕೊಬ್ಬಿನಂತಹ ವಸ್ತುಗಳು ತಗುಲಿದೊಡನೆ ಇವು ಕೋಶದೊಳಕ್ಕೆ ಸುದ್ದಿ ಕಳುಹಿಸುತ್ತವೆ. ಒಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕಾದಿರುತ್ತದೆ. 1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರು. ಇದನ್ನು ಊರಿನ ವಾಲಿಕಾರನಿಗೆ ಹೋಲಿಸಬಹುದು. ಸಾಮಾನ್ಯ ಕಾಲದಲ್ಲಿ ಬೇರೊಂದು ಪ್ರೋಟೀನು ಇದನ್ನು ಚಾವಡಿಯ ಹೊರಗೇ ಹಿಡಿದಿಟ್ಟಿರುತ್ತದೆ. ಸುದ್ದಿ ಮುಟ್ಟಿದ ಕೂಡಲೆ ಆ ಹಿಡಿತವು ಕರಗಿಹೋಗುತ್ತದೆ. ವಾಲಿಕಾರನು ಚಾವಡಿಯೊಳಕ್ಕೆ ಓಡಿ, ದಫ್ತರದ ನಿರ್ದಿಷ್ಟ ಸ್ಥಳಗಳನ್ನು ಹಿಡಿದು, ಗಂಟು ಬಿಚ್ಚಿಸಿ, ಉತಾರಗಳನ್ನು ತೆಗೆಸುತ್ತಾನೆ. ನೂರಾರು ಜೀನ್‌ಗಳು ಕೆಲವೇ ಗಂಟೆಗಳಲ್ಲಿ ಎಚ್ಚರಗೊಳ್ಳುತ್ತವೆ. ಅವುಗಳಿಂದ ತಯಾರಾದ ಪ್ರೋಟೀನುಗಳಲ್ಲಿ ಕೆಲವು ಬೇರೆ ರಕ್ಷಕಕೋಶಗಳನ್ನು ಕರೆತರುತ್ತವೆ. ಕೆಲವು ಮೈಯಲ್ಲಿ ಜ್ವರವನ್ನುಂಟುಮಾಡುತ್ತವೆ. ಕೆಲವು ಹಸಿವನ್ನು ಕುಂದಿಸುತ್ತವೆ. ರೋಗಿಗೆ ಸಂಜೆಯ ಹೊತ್ತು ಬರುವ ಸಣ್ಣ ಜ್ವರಕ್ಕೂ, ಅವನು ಸೊರಗಿ ಸಣ್ಣಗಾಗುವುದಕ್ಕೂ ಈ ಜೀನ್‌ಗಳ ಎಚ್ಚರವು ಒಂದು ಮುಖ್ಯ ಕಾರಣ. ದೇಹವನ್ನು ಕ್ಷಯಿಸುವುದರಲ್ಲಿ ರೋಗಾಣುವಿನಷ್ಟೇ ದೇಹದ ಸ್ವಂತ ಹೋರಾಟದ ಪಾಲೂ ಇದೆ.

ರೋಗಾಣುವಿನ ಕೈವಾಡ

ಇಷ್ಟರಿಂದಲೇ ಶತ್ರುವು ಸಾಯುವಂತಿದ್ದರೆ ಕ್ಷಯವೆಂಬ ರೋಗವೇ ಇರುತ್ತಿರಲಿಲ್ಲ. ಆದರೆ ಈ ಬ್ಯಾಕ್ಟೀರಿಯವು ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿದೆ. ಚಾವಡಿಯ ವ್ಯವಹಾರವನ್ನು ಚೆನ್ನಾಗಿ ಬಲ್ಲದು.

ಮಹಾಭಕ್ಷಕ ಕೋಶವು ತಾನು ನುಂಗಿದ ರೋಗಾಣುವಿನ ತುಣುಕುಗಳನ್ನು ತನ್ನ ಹೊರಮೈಯಲ್ಲಿಟ್ಟು ಇತರ ರಕ್ಷಕಕೋಶಗಳಿಗೆ ತೋರಿಸಬೇಕು. ಹಾಗೆ ತೋರಿಸಿದರೆ ಮಾತ್ರ ಅವುಗಳಿಂದ ಸಹಾಯ ದೊರೆಯುತ್ತದೆ. ಇದಕ್ಕೆ ಬೇಕಾದ ಪ್ರೋಟೀನುಗಳ ಜೀನ್‌ಗಳನ್ನು ಬ್ಯಾಕ್ಟೀರಿಯವು ಅದುಮಿಡುತ್ತದೆಂಬುದು 2005ರಿಂದೀಚೆಗೆ ನಡೆದ ಪ್ರಯೋಗಗಳಿಂದ ತಿಳಿದುಬಂದಿದೆ. ಸೋಂಕಿಗೊಳಗಾದ ಕೋಶಗಳಲ್ಲಿ ಈ ಜೀನ್‌ಗಳ ಬಳಿಯ ಹಿಸ್ಟೋನ್‌ಗಳಿಂದ ಅಸಿಟೈಲ್ ಗುಂಪುಗಳು ಕೀಳಲ್ಪಟ್ಟು ಗಂಟು ಬಿಗಿಯಾಗಿರುವುದು ಕಂಡುಬಂದಿತು. ಕೀಳುವ ಕಿಣ್ವವು ಮನುಷ್ಯನದೇ. ಅದನ್ನು ಅಲ್ಲಿಗೆ ಕರೆಸುವ ಉಪಾಯ ಮಾತ್ರ ಬ್ಯಾಕ್ಟೀರಿಯದ್ದು.

ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿಯನ್ನು 2015ರಲ್ಲಿ ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ನಿದಾನ ಕೇಂದ್ರದಲ್ಲಿ ಸಂಜೀವ ಖೋಸ್ಲಾ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಬ್ಯಾಕ್ಟೀರಿಯವು ಹೊರಗೆ ಸ್ರವಿಸುವ ಒಂದು ಪ್ರೋಟೀನಿಗೆ ಆರ್‌ವಿ 1988 ಎಂದು ಹೆಸರು. (ಇದು ಇಸವಿಯಲ್ಲ, ಜೀನಿನ ಕ್ರಮಸಂಖ್ಯೆ.) ಈ ಪ್ರೋಟೀನು ನಮ್ಮ ಕೋಶಕೇಂದ್ರವನ್ನು ಹೊಕ್ಕು, ಒಂದು ಹಿಸ್ಟೋನಿನಲ್ಲಿರುವ 42ನೆಯ ಆರ್ಜಿನೀನಿಗೆ ತಾನೇ ಮಿಥೈಲ್ ಗುರುತನ್ನು ಅಂಟಿಸುತ್ತದೆ. ಅದರಿಂದ ರಕ್ಷಣೆಗೆ ಬೇಕಾದ ಕೆಲವು ಜೀನ್‌ಗಳು ಅದುಮಲ್ಪಡುತ್ತವೆ. ಹೊರಗಿನವನೊಬ್ಬನು ಚಾವಡಿಗೆ ನುಗ್ಗಿ ದಫ್ತರಕ್ಕೆ ತನ್ನದೇ ಮೊಹರನ್ನು ಒತ್ತಿದಂತೆ! ಈ ಜೀನನ್ನು ತೆಗೆದುಹಾಕಿದ ಬ್ಯಾಕ್ಟೀರಿಯಗಳು ಸೋಂಕಿತ ದೇಹದಲ್ಲಿ ಮೊದಲಿನಷ್ಟು ಚೆನ್ನಾಗಿ ಬದುಕಲಾರದೆ ಹೋದವು. ಈ ಮೊಹರು ಅವುಗಳಿಗೆ ಎಷ್ಟು ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎನ್. ಬಾಲಾಜಿಯವರ ತಂಡವೂ ಇಂತಹ ಸಂಶೋಧನೆಯಲ್ಲಿ ತೊಡಗಿದೆ. ಸೋಂಕಿಗೊಳಗಾದ ಮಹಾಭಕ್ಷಕಗಳು ಎಷ್ಟೋ ಸಲ ಕೊಬ್ಬಿನ ಹನಿಗಳನ್ನು ತುಂಬಿಕೊಂಡು ನೊರೆಯಂತೆ ಕಾಣುತ್ತವೆ. ಈ ಕೊಬ್ಬು ಬ್ಯಾಕ್ಟೀರಿಯಕ್ಕೆ ಆಹಾರ. ಆ ಕೋಶವು ಅದಕ್ಕೆ ಆಶ್ರಯ. ಹಿಸ್ಟೋನಿನ ಮೇಲಿರುವ ‘ಮುಚ್ಚಿಡು’ ಎಂಬ ಮಿಥೈಲ್ ಗುರುತನ್ನು ಅಳಿಸುವ ಒಂದು ಕಿಣ್ವವು ಸೋಂಕಿನ ಕಾಲದಲ್ಲಿ ಹೆಚ್ಚಾಗಿ, ಇಂತಹ ನೊರೆಕೋಶಗಳು ಹುಟ್ಟಲು ನೆರವಾಗುತ್ತದೆಂದು ಈ ತಂಡವು 2016ರಲ್ಲಿ ತೋರಿಸಿತು. ಹೀಗೆ ಬ್ಯಾಕ್ಟೀರಿಯವು ತನಗೆ ಬೇಡವಾದ ಪುಟಗಳನ್ನು ಮುಚ್ಚಿಸುವುದಲ್ಲದೆ ತನಗೆ ಬೇಕಾದ ಪುಟಗಳನ್ನು ತೆರೆಸಿಕೊಳ್ಳಲೂ ಬಲ್ಲದು.

ಇದೇ ಮಾರ್ಗವನ್ನು ನಮ್ಮ ಹಿತಕ್ಕೂ ಬಳಸಬಹುದು. ಹಸುಗೂಸುಗಳಿಗೆ ಚುಚ್ಚುವ ಬಿ.ಸಿ.ಜಿ. ಲಸಿಕೆಯಲ್ಲಿರುವುದು ಕ್ಷಯದ ಬ್ಯಾಕ್ಟೀರಿಯದ ಸಮೀಪಬಂಧುವಾದ, ಬಲ ಕುಂದಿಸಿದ ಒಂದು ಬ್ಯಾಕ್ಟೀರಿಯ. ಅದನ್ನು ಚುಚ್ಚಿದ ಮೂರು ತಿಂಗಳ ಮೇಲೂ ರಕ್ತದ ಭಕ್ಷಕಕೋಶಗಳಲ್ಲಿ ರಕ್ಷಣೆಯ ಜೀನ್‌ಗಳ ಬಳಿ ‘ಓದು’ ಎಂಬ ಗುರುತುಗಳು ಹೆಚ್ಚಾಗಿ ಉಳಿದಿರುತ್ತವೆಂದು ನೆದರ್ಲೆಂಡ್ಸಿನ ವಿಜ್ಞಾನಿಗಳು 2012ರಲ್ಲಿ ಕಂಡುಕೊಂಡರು.

ರಕ್ತದಲ್ಲಿ ಕಾಣುವ ಲೆಕ್ಕ

ಕೋಶದಲ್ಲಿ ಯಾವ ಯಾವ ಉತಾರಗಳು ಎಷ್ಟೆಷ್ಟು ಇವೆಯೆಂಬುದನ್ನು ಈಗ ಒಮ್ಮೆಗೇ ಎಣಿಸಬಹುದು. ಲಂಡನ್ನಿನ ವಿಜ್ಞಾನಿಗಳು 2010ರಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕದ ರೋಗಿಗಳ ರಕ್ತವನ್ನು ಹೀಗೆ ಪರೀಕ್ಷಿಸಿದರು. ಕ್ಷಯವು ಪ್ರಕಟವಾಗಿರುವವರಲ್ಲಿ 393 ಉತಾರಗಳ ಪ್ರಮಾಣವು ಆರೋಗ್ಯವಂತರಿಗಿಂತ ಭಿನ್ನವಾಗಿರುವುದು ಕಂಡುಬಂದಿತು. ಇವುಗಳಲ್ಲಿ ಅನೇಕವು ಇಂಟರ್‌ಫೆರಾನ್ ಎಂಬ ವಸ್ತುಗಳ ಕರೆಗೆ ಏಳತಕ್ಕವು. ಇವುಗಳಲ್ಲಿ ಒಂದು ಬಗೆಯ ಇಂಟರ್‌ಫೆರಾನಿನ ಮುಖ್ಯ ಕೆಲಸ ವೈರಸ್ಸುಗಳನ್ನು ತಡೆಯುವುದು. ಕ್ಷಯದಲ್ಲಿ ಅದು ವಿಪರೀತವಾದರೆ ರೋಗಿಗೆ ಅನುಕೂಲಕ್ಕಿಂತ ಹಾನಿಯೇ ಹೆಚ್ಚು. ಕಳ್ಳನು ಬಂದಾಗ ಬೆಂಕಿಬಿದ್ದಿತೆಂದು ಕೂಗಿದರೆ ಜನರೆಲ್ಲ ಕೋಲು ಬಿಟ್ಟು ಕೊಡ ಹಿಡಿದು ಬರುವಂತೆ.

ಈ ಶೋಧನೆಯ ಇನ್ನೊಂದು ಭಾಗವೇ ನಮಗೆ ಹೆಚ್ಚು ಮುಖ್ಯವಾದುದು. ರೋಗಿಗಳಿಗೆ ಚಿಕಿತ್ಸೆ ಪ್ರಾರಂಭವಾಗಿ ಎರಡು ತಿಂಗಳಾಗುವಷ್ಟರಲ್ಲಿ ಈ ವ್ಯತ್ಯಾಸವು ಬಹಳ ಕಡಿಮೆಯಾಗಿತ್ತು. ಹನ್ನೆರಡು ತಿಂಗಳ ಹೊತ್ತಿಗೆ ಆರೋಗ್ಯವಂತರ ರಕ್ತದಂತೆಯೇ ಆಗಿತ್ತು. ದಫ್ತರದ ಬರಹವೇ ಕೆಟ್ಟಿದ್ದರೆ ಹೀಗಾಗುತ್ತಿತ್ತೆ? ಕೆಟ್ಟುದು ಬಳಕೆ, ಶತ್ರುವು ತೊಲಗಿದೊಡನೆ ಬಳಕೆಯೂ ಸರಿಹೋಯಿತು. 2017ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಮತ್ತು ಅವರ ಸಂಗಡಿಗರು ಕೇವಲ ಹತ್ತು ಜೀನ್‌ಗಳ ಉತಾರಗಳಿಂದಲೇ ಕ್ಷಯವನ್ನು ಗುರುತಿಸಬಹುದೆಂದು ತೋರಿಸಿದರು. ಕಫ ಹೊರಬಾರದ ಸಣ್ಣ ಮಕ್ಕಳಲ್ಲಿ ರೋಗವನ್ನು ಕಂಡುಹಿಡಿಯುವುದು ಬಹಳ ಕಷ್ಟ. ಅಂತಹವರಿಗೆ ರಕ್ತಪರೀಕ್ಷೆಯಿಂದ ಸಹಾಯವಾದೀತೆಂಬ ಆಸೆಯಿಂದಲೇ ಜಗತ್ತಿನ ಅನೇಕ ಕಡೆ ಈ ಬಗೆಯ ಸಂಶೋಧನೆ ನಡೆಯುತ್ತಿದೆ.

ಆದರೆ ಎಲ್ಲವೂ ಥಟ್ಟನೆ ಮೊದಲಿನಂತಾಗುವುದಿಲ್ಲವೆಂಬುದನ್ನೂ ಹೇಳಬೇಕು. ಚಿಕಿತ್ಸೆ ಮುಗಿದ ಆರು ತಿಂಗಳ ಮೇಲೂ ಕೆಲವು ರಕ್ಷಕಕೋಶಗಳ ಡಿ.ಎನ್.ಎ.ಯ ಮೇಲೆ ಅಧಿಕ ಮಿಥೈಲ್ ಗುರುತುಗಳು ಉಳಿದಿದ್ದುದು 2020ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ. ಗುಣವಾದವರು ಕೆಲವು ಕಾಲ ಆರೈಕೆಯಲ್ಲಿಯೂ ವೈದ್ಯರ ಗಮನದಲ್ಲಿಯೂ ಇರಬೇಕೆಂಬುದಕ್ಕೆ ಇದೊಂದು ಕಾರಣ.

ಮಕ್ಕಳಿಗೆ ಬರುವುದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಂದೆಯ ಶ್ವಾಸಕೋಶದಲ್ಲಿಯೂ ರಕ್ತದಲ್ಲಿಯೂ ಜೀನ್‌ಗಳ ನಿಯಂತ್ರಣವು ಬದಲಾದುದು ನಿಜ. ಆದರೆ ಮಕ್ಕಳು ಹುಟ್ಟುವುದು ಶ್ವಾಸಕೋಶದ ಕೋಶಗಳಿಂದಲೂ ಅಲ್ಲ, ರಕ್ತದ ಕೋಶಗಳಿಂದಲೂ ಅಲ್ಲ. ಅಂಡಾಣು ಮತ್ತು ವೀರ್ಯಾಣುಗಳಿಂದ. ಮಹಾಭಕ್ಷಕ ಕೋಶದ ದಫ್ತರದ ಮೇಲೆ ಬಿದ್ದ ಮೊಹರು ಆ ಕೋಶದೊಡನೆಯೇ ಅಳಿಯುತ್ತದೆ. ಅಲ್ಲದೆ ಹೊಸ ಭ್ರೂಣವು ಬೆಳೆಯಲಾರಂಭಿಸುವಾಗ ಹಳೆಯ ಗುರುತುಗಳಲ್ಲಿ ಹೆಚ್ಚಿನವು ಅಳಿಸಲ್ಪಟ್ಟು ಹೊಸದಾಗಿ ಬರೆಯಲ್ಪಡುತ್ತವೆ. ಇದೆಲ್ಲ ಹಾಗಿರಲಿ; ನಮ್ಮ ವಿದ್ಯಾರ್ಥಿಯ ತಂದೆಗೆ ರೋಗ ಬಂದುದು ಹತ್ತು ವರ್ಷಗಳ ಹಿಂದೆ. ಅವನ ಅಕ್ಕನಿಗೆ ಆಗಲೇ ಹದಿಮೂರು ವರ್ಷ! ಆಕೆಯು ತಂದೆಯಿಂದ ಪಡೆಯಬೇಕಾದ ಜೀನ್‌ಗಳನ್ನು ಅದಕ್ಕಿಂತ ಬಹಳ ಮುಂಚೆಯೇ ಪಡೆದಾಗಿತ್ತು.

ಹಾಗಾದರೆ ಒಂದೇ ಮನೆಯಲ್ಲಿ ಹಲವರಿಗೆ ಕ್ಷಯ ಬರುವುದೇಕೆ? ಮೈಸೂರಿನ ಇತಿಹಾಸದಲ್ಲಿ ಇದಕ್ಕೊಂದು ಕರುಣಾಜನಕವಾದ ಉದಾಹರಣೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಆ ರಾಜಕುಮಾರಿಯ ನೆನಪಿಗಾಗಿಯೇ ಮೈಸೂರಿನ ಕ್ಷಯರೋಗ ಆಸ್ಪತ್ರೆಯನ್ನು ಕಟ್ಟಿಸಲಾಯಿತು. ತಾಯಿಯ ಹಿಂದುಮುಂದೆ ಮಕ್ಕಳೂ ತೀರಿಕೊಂಡುದನ್ನು ನೋಡಿದವರಿಗೆ ರೋಗವು ರಕ್ತದಲ್ಲಿಯೇ ಇದೆಯೆಂದು ತೋರುವುದು ಸಹಜ. ಆದರೆ ತಾಯಿಮಕ್ಕಳು ಹಂಚಿಕೊಳ್ಳುವುದು ರಕ್ತವೊಂದನ್ನೇ ಅಲ್ಲ. ಒಂದೇ ಕೋಣೆಯ ಗಾಳಿಯನ್ನೂ ಹಂಚಿಕೊಳ್ಳುತ್ತಾರೆ. ಮೂರು ಮೈಕ್ರಾನಿನ ಹನಿಯು ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆಂಬುದನ್ನು ನಾವು ಆಗಲೇ ಲೆಕ್ಕಹಾಕಿದ್ದೇವಲ್ಲ! ಅರಮನೆಗೂ ಗುಡಿಸಲಿಗೂ ಆ ಲೆಕ್ಕ ಒಂದೇ.

ಕೆಲವರ ದೇಹವು ಹುಟ್ಟಿನಿಂದಲೇ ಈ ರೋಗಾಣುವನ್ನು ಸ್ವಲ್ಪ ಹೆಚ್ಚು ಬಲದಿಂದಲೂ ಕೆಲವರದು ಸ್ವಲ್ಪ ಕಡಿಮೆ ಬಲದಿಂದಲೂ ಎದುರಿಸುವುದುಂಟು. ಅದರಲ್ಲಿ ಜೀನ್‌ಗಳ ಬರಹದ ಪಾತ್ರವೂ ಇದೆ. ಆದರೆ ರೋಗಾಣುವು ಒಳಹೊಗದೆ ಯಾರಿಗೂ ಕ್ಷಯ ಬರುವುದಿಲ್ಲ. ಒಳಹೊಕ್ಕವರಲ್ಲಿಯೂ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗವು ಪ್ರಕಟವಾಗುತ್ತದೆ. ಅರೆಹೊಟ್ಟೆ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ ಇವು ಆ ಸಂಭವವನ್ನು ಹೆಚ್ಚಿಸುತ್ತವೆ.

ಎರಡು ಹಳೆಯ ಪಾಠಗಳು

ಚಾವಡಿಯ ಈ ರಹಸ್ಯಗಳು ತಿಳಿಯುವುದಕ್ಕೆ ಬಹಳ ಹಿಂದೆಯೇ ದಕ್ಷಿಣ ಭಾರತದಲ್ಲಿ ನಡೆದ ಎರಡು ಅಧ್ಯಯನಗಳನ್ನು ಇಲ್ಲಿ ಸ್ಮರಿಸಬೇಕು. ರೋಗಿಯನ್ನು ಮನೆಯಿಂದ ದೂರವಿಟ್ಟರೇ ಕ್ಷೇಮವೆಂದು ಆ ಕಾಲದಲ್ಲಿ ನಂಬಿಕೆಯಿದ್ದಿತು. 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವು, ಔಷಧವನ್ನು ಸರಿಯಾಗಿ ತೆಗೆದುಕೊಂಡರೆ ಮನೆಯಲ್ಲಿರುವ ರೋಗಿಯೂ ಆರೋಗ್ಯಧಾಮದ ರೋಗಿಯಷ್ಟೇ ಚೆನ್ನಾಗಿ ಗುಣವಾಗುತ್ತಾನೆಂದೂ, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲವೆಂದೂ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಯಾಯಿತು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ, ಕ್ಷಯವಿದ್ದವರನ್ನು ಮಾತನಾಡಿಸಿದರು. ಹಳ್ಳಿಯವರು ರೋಗವನ್ನು ಅರಿಯದೆ ಸುಮ್ಮನಿರುತ್ತಾರೆಂಬುದು ಸುಳ್ಳೆಂದು 1963ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ಸಿದ್ಧವಾಯಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗಳಿಗೆ ಹೋಗಿದ್ದರು. ಅನೇಕರು ಕೆಮ್ಮಿನ ಔಷಧದ ಸೀಸೆಯೊಂದನ್ನು ಹಿಡಿದು ಹಿಂದಿರುಗಿದ್ದರು! ಬ್ಯಾಡಗಿಯ ಹಮಾಲಿಯು ಘಾಟಿನ ಕೆಮ್ಮೆಂದು ಕಳೆದ ಮೂರು ತಿಂಗಳನ್ನು ಇಲ್ಲಿ ನೆನೆಯಬೇಕು. ಆ ಮೂರು ತಿಂಗಳಲ್ಲಿಯೇ ಮನೆಯವರಿಗೆ ನಿಜವಾದ ಅಪಾಯವಿದ್ದುದು. ಔಷಧವು ಸರಿಯಾಗಿ ನಡೆದ ಮೇಲೆ ಅಲ್ಲ.

2023ರಲ್ಲಿ ಜಗತ್ತಿನಲ್ಲಿ 1 ಕೋಟಿ 8 ಲಕ್ಷ ಜನರಿಗೆ ಕ್ಷಯವು ಬಂದಿತೆಂದೂ, ಅವರಲ್ಲಿ ನೂರಕ್ಕೆ 26 ಮಂದಿ ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಎರಡು ವಾರಕ್ಕೆ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಮೂರು ಔಷಧಗಳು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈತುಂಬಿತೆಂದು ಔಷಧ ಬಿಡುವವರೇ ಹೆಚ್ಚಾಗಿ ತೊಂದರೆಗೊಳಗಾಗುತ್ತಾರೆ. ಎಚ್ಚರಿಕೆಯ ಕೂಗು ತಗ್ಗಿದ ಮಾತ್ರಕ್ಕೆ ಶತ್ರುವು ಸತ್ತನೆಂದು ಅರ್ಥವಲ್ಲ. ಇಪ್ಪತ್ತು ಗಂಟೆಗೊಮ್ಮೆ ಬೆಳೆಯುವ, ಕೆಲವೊಮ್ಮೆ ಬೆಳೆಯದೆಯೂ ಮಲಗಿರುವ ಆ ಜೀವಿಯನ್ನು ನಿರ್ಮೂಲಮಾಡಲು ಆರು ತಿಂಗಳೂ ಬೇಕು.

ಇದನ್ನೆಲ್ಲ ಆ ವಿದ್ಯಾರ್ಥಿಗೆ ಎರಡು ಮೂರು ಸಂಜೆಗಳಲ್ಲಿ ವಿವರಿಸಿದೆವು. ಮುರಿದ ಸಂಬಂಧವು ನಮ್ಮ ವಿವರಣೆಯಿಂದ ಕೂಡಿಬರಲಿಲ್ಲ. ಆದರೆ ಅವನು ಮನೆಯಲ್ಲಿ ಈ ವಿಷಯವನ್ನು ಮಾತನಾಡಿದ ಮೇಲೆ ಅವನ ತಂದೆಯವರು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದ ತಮ್ಮ ಚಿಕಿತ್ಸೆಯ ಕಾರ್ಡನ್ನು ಹೊರಗೆ ತೆಗೆದರಂತೆ. ಅದರಲ್ಲಿ ಆರು ತಿಂಗಳ ಔಷಧವೂ ಪೂರ್ತಿಯಾದ ಗುರುತಿದೆ. ಮುಂದೆ ಬರುವ ಸಂಬಂಧದವರಿಗೆ ಅದನ್ನು ತಾವಾಗಿಯೇ ತೋರಿಸುವುದಾಗಿ ಅವರು ಹೇಳಿದರೆಂದು ಹುಡುಗನು ತಿಳಿಸಿದನು. ಅದು ಮುಚ್ಚಿಡುವ ಕಾಗದವೇ ಅಲ್ಲ. ಆ ಮನೆಯಲ್ಲಿ ಕ್ಷಯವು ಇದ್ದಿತು, ಈಗ ಇಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತಾರ ಬೇರೊಂದಿಲ್ಲ.